ತೂಕಕ್ಕೆ ತೂಕ

ಮೊದಲು ಬೆಕ್ಕಿನ ಹಾಗೆ ಗುರುಗುಟ್ಟಿತು,
ಆಮೇಲೆ ಬೀಸುವ ಕಲ್ಲಿನ ಹಾಗೆ.
ಕರಾಸವಾಡದ ಏರಿನಲ್ಲಿ, ಹನ್ನೆರಡು ಚೀಲ ಉಳ್ಳಾಗಡ್ಡಿಯ ಕೆಳಗೆ
ಟಕ್ ಅಂತ ಒಂದು ಸದ್ದು.
ಎಂಜಿನ್ ಓಡುತ್ತಿತ್ತು, ಶಾಫ್ಟು ತಿರುಗುತ್ತಿತ್ತು,
ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿತ್ತು.
ನಿಂಬೆವ್ವ ಜಿಗಿದಿಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

ಅರವತ್ತೆಂಟರ ಪಿಕಪ್ಪು.
ಪಾಸ್ಕೋಲ್ ಸಾಹೇಬರ ಸೋಡಾ ಫ್ಯಾಕ್ಟರಿ ಮುಚ್ಚಿದಾಗ
ಹದಿನಾಲ್ಕು ತಿಂಗಳ ಪಗಾರದ ಬದಲು ಬಂದದ್ದು.
ಬಾಗಿಲ ಮೇಲೆ ಇನ್ನೂ ಅರ್ಧ ಬಾಟಲಿಯ ಚಿತ್ರ ಇದೆ,
ಗಾಜು ಅಳಿಸಿಹೋಗಿ ಗುಳ್ಳೆ ಉಳಿದಿವೆ.

ಮಾಪುಸಾದ ಶೆಡ್ಡಿನಲ್ಲಿ ಹಿಂದಿನ ಮುಚ್ಚಳ ಬಿಚ್ಚಿದರೆ
ಎಣ್ಣೆಯೊಳಗೆ ಬೆಳ್ಳಿಪುಡಿ.
ಕಾಯ್ತಾನ್ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ:
ಕ್ರೌನಿಗೆ ಹಲ್ಲೇ ಉಳಿದಿಲ್ಲ.
ಹೊಸ ಜೋಡಿಗೆ ಹತ್ತೊಂಬತ್ತು ಸಾವಿರ, ಅದೂ ಪುಣೆಯಿಂದ ಬರಬೇಕು,
ಬಂದರೆ.
ಇಲ್ಲವೇ ಯಾವುದಾದರೂ ಸತ್ತ ಜೀಪಿನ ಅಚ್ಚನ್ನು
ಇಡಿಯಾಗಿ ತಂದು ಕಟ್ಟಬೇಕು.

ಕೂಚೇಲಿಯ ಗುಜರಿಯಲ್ಲಿ ಹುಲ್ಲಿನ ನಡುವೆ ಮಲಗಿತ್ತು,
ಯಾವುದೋ ಸರಕಾರಿ ಜೀಪಿನದು,
ಒಂದು ಡ್ರಮ್ಮಿನೊಳಗೆ ಕಣಜದ ಗೂಡು.
ಆ ಕಡೆ ಕಾಯ್ತಾನ್, ಈ ಕಡೆ ನಾನು,
ಎರಡೂ ತುದಿ ಒಟ್ಟಿಗೆ ಒಂದು ಸುತ್ತು ತಿರುಗಿಸಿದೆವು.
ಮೂತಿಯ ಸೀಮೆಸುಣ್ಣದ ಗೆರೆ ನೋಡುತ್ತ ನಿಂಬೆವ್ವ ಎಣಿಸಿದಳು:
ನಾಲ್ಕು, ಮೇಲೊಂದು ಕಾಲು.
ನಮ್ಮದು ಐದು ದಾಟುತ್ತಿತ್ತು.
"ಇದು ಓಡ್ತದ, ಆದ್ರ ಏರಿನಾಗ ತಿಣಕ್ತದ," ಅಂದೆ.
"ನಮ್ಮ ಹಾದ್ಯಾಗ ಏರು ಎಷ್ಟು, ಸಪಾಟು ಎಷ್ಟು?" ಅಂದಳು.
ಇಪ್ಪತ್ತು ವರ್ಷ ಓಡಿಸಿದವನು, ಲೆಕ್ಕ ಹಾಕಿರಲಿಲ್ಲ.

ಬೇಪಾರಿ ಹನ್ನೊಂದು ಸಾವಿರ ಹೇಳಿದ.
"ಇದು ಕಬ್ಬಿಣ ಅಲ್ಲಕ್ಕಾ, ಪಾರ್ಟು."
"ಪಾರ್ಟು ಆಗಿದ್ರ ಗಾಡಿಯೊಳಗ ಇರ್ತಿತ್ತು.
ಹುಲ್ಲಿನ್ಯಾಗ ಬಿದ್ದದ್ದು ಕಬ್ಬಿಣನ."
ಎರಡು ಚಹಾ ಆಯಿತು. ಮೂರನೆಯದಕ್ಕೆ ಮಾತು ಕುದುರಿತು:
ತೂಕಕ್ಕೆ ತೂಕ ನಮ್ಮ ಮುರುಕು, ಮೇಲೆ ಮೂರೂವರೆ ಸಾವಿರ.

ನಮ್ಮ ಅಳತೆ ಬೇರೆ, ಆ ಜೀಪಿನ ಅಳತೆ ಬೇರೆ.
ಪಟ್ಟಿ ಕೂರುವ ಪೀಠ ಎರಡು ಬೆರಳು ಆಚೆಗಿತ್ತು.
ಗುರುದಾಸ ಕತ್ತರಿಸಿದ, ಸುಟ್ಟ, ಅಂಟಿಸಿದ,
ಮಗಳ ಕಂಪಾಸಿನ ಕೋನಮಾಪಕ ಇಟ್ಟು ನೋಡಿದರೆ
ಮೂತಿ ನೆಲ ನೋಡುತ್ತಿದೆ!
ಮತ್ತೆ ಉಜ್ಜಿ ತೆಗೆದು, ಮೂರು ಡಿಗ್ರಿ ಮೇಲೆತ್ತಿ,
ಮತ್ತೆ ಬೆಂಕಿ.
ಅಷ್ಟರಲ್ಲಿ ಎರಡು ಚೀಲ ಉಳ್ಳಾಗಡ್ಡಿ ಮೊಳಕೆ ಒಡೆದವು.
ಶಾಫ್ಟು ಮೋಟಾಯಿತು, ಲೇತಿನವನು ಉದ್ದ ಮಾಡಿಕೊಟ್ಟ.
ಸೀಲು, ಬೇರಿಂಗು, ಎರಡು ಲೀಟರ್ ಎಣ್ಣೆ,
ಕೈಬ್ರೇಕಿನ ತಂತಿ ಸೈಕಲ್ ಅಂಗಡಿಯಿಂದ
(ಅದು ನಡೆಯುವುದಿಲ್ಲ ಅಂತ ಕಾಯ್ತಾನ್ ಬೈದ, ನಡೆಯಲಿಲ್ಲ,
ಎರಡನೆಯದು ಸರಿಯಾದದ್ದು ತಂದೆ).
ಚಕ್ರದ ಐದು ತೂತು ಮಾತ್ರ ಐದು ಬೋಲ್ಟಿಗೆ
ಹುಟ್ಟಿನಿಂದ ಗೊತ್ತಿದ್ದವರಂತೆ ಕೂತವು.

ಹಳೆಯದನ್ನು ಗುಜರಿಗೆ ಒಯ್ದೆವು.
ಕೊಂಡದ್ದು ಎಪ್ಪತ್ತೆಂಟು ಕೇಜಿ ತೂಗಿತ್ತು.
ನಮ್ಮದು, ಹಲ್ಲಿಲ್ಲದ್ದು, ಎಂಬತ್ತೇಳು.
ಬೇಪಾರಿ ತಕ್ಕಡಿಯ ಕೊಕ್ಕೆ ಬಗ್ಗಿ ಬಗ್ಗಿ ನೋಡಿದ.
ನಿಂಬೆವ್ವ ಏನೂ ಅನ್ನಲಿಲ್ಲ,
ಆ ಒಂಬತ್ತು ಕೇಜಿಗೆ
ಹೊಸದರಂಥ ನಾಲ್ಕು ಯು ಬೋಲ್ಟು ಆರಿಸಿ ಸೆರಗಿಗೆ ಹಾಕಿಕೊಂಡಳು.
ಅವಳಿಗೆ ಇದು ಮೊದಲೇ ಗೊತ್ತಿತ್ತೇ?
ಕೇಳಿದೆ.
ವಾರಪೂರ್ತಿ ಉಳ್ಳಾಗಡ್ಡಿ ತೂಗುವ ಕೈ ನನ್ನದು, ಅಂದಳು.

ಈಗ ಸಪಾಟಿನಲ್ಲಿ ಗಾಡಿ ಹಾಡುವುದಿಲ್ಲ, ನರಳುವುದೂ ಇಲ್ಲ.
ಸ್ಪೀಡಿನ ಮುಳ್ಳಿಗೆ ಮಾತ್ರ ಸುದ್ದಿ ಮುಟ್ಟಿಲ್ಲ:
ಅದು ನಲವತ್ತು ಅಂದರೆ ನಾವು ಐವತ್ತರಲ್ಲಿರುತ್ತೇವೆ.
ರಿಪೇರಿಗೆ ಎಂಟು ನೂರು ಕೇಳಿದರು, ಬೇಡವೆಂದೆ.
ಕರಾಸವಾಡದ ಏರು ಬಂದರೆ
ಎರಡನೇ ಗೇರಿಗೆ ಇಳಿಸುತ್ತೇನೆ,
ನಿಂಬೆವ್ವನ ಕಾಲು ತಾನಾಗಿ
ಸೀಟಿನ ಕೆಳಗಿನ ಕಲ್ಲನ್ನು ಮುಟ್ಟಿ ನೋಡುತ್ತದೆ.